ನೊರೆಯಣ್ಣನ ಕೋಟು

ಅಗ್ನಿಶಾಮಕ ದಳದಲ್ಲಿ ಇಪ್ಪತ್ತಾರು ವರ್ಷ ದುಡಿದವನು ನಿವೃತ್ತಿಯಾದ ಮರುವರ್ಷವೇ ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸಕ್ಕೆ ಸೇರಿದ ಅಂದರೆ ಬೀದಿಯವರು ಸುಮ್ಮನೆ ಬಿಡುತ್ತಾರೆಯೇ? "ಏನ್ ನೊರೆಯಣ್ಣ, ಬೆಂಕಿ ಬಿಟ್ಟು ನೀರಿಗೆ ಬಿದ್ರಂತೆ?" ಎಂದು ಹೋದಲ್ಲಿ ಬಂದಲ್ಲಿ ಕೇಳಿದರು. ಅವನು ನಕ್ಕು ಮುಂದೆ ಹೋಗುತ್ತಿದ್ದ. ಯಾಕೆ ಸೇರಿದ ಎನ್ನುವುದು ಹೆಂಡತಿಯೊಬ್ಬಳಿಗೇ ಗೊತ್ತಿತ್ತು.

ಆ ಅಡ್ಡಹೆಸರು ಬಂದದ್ದು ಹೀಗೆ. ಎಣ್ಣೆಗೆ ಹತ್ತಿದ ಬೆಂಕಿ ನೀರಿಗೆ ಬಗ್ಗುವುದಿಲ್ಲ, ಅದಕ್ಕೆ ನೊರೆ ಬೇಕು. ದಳದ ಅಭ್ಯಾಸದ ಮೈದಾನ ಬಡಾವಣೆಯ ಬೆನ್ನಿಗೇ ಇತ್ತು. ತಿಂಗಳಿಗೆ ಎರಡು ಸಲ ತಗಡಿನ ತೊಟ್ಟಿಯಲ್ಲಿ ಎಣ್ಣೆ ಹೊತ್ತಿಸಿ, ಮೇಲೆ ಬಿಳಿ ನೊರೆ ಸುರಿದು ಆರಿಸುವ ತಾಲೀಮು ನಡೆಯುತ್ತಿತ್ತು. ಪೈಪು ಹಿಡಿಯುತ್ತಿದ್ದವನು ಇವನೇ. ಬೇಲಿಯಾಚೆ ಮಕ್ಕಳು ನಿಂತು "ನೊರೆಯಣ್ಣಾ, ಈ ಕಡೆ, ಈ ಕಡೆ!" ಎಂದು ಕೂಗಿದರೆ ಇವನ ಮನಸ್ಸು ತಡೆಯುತ್ತಿರಲಿಲ್ಲ. ಕೊನೆಗೆ ಉಳಿದದ್ದನ್ನು ಬೇಲಿಯ ಕಡೆ ತಿರುಗಿಸಿಬಿಡುತ್ತಿದ್ದ. ಮೊಣಕಾಲುದ್ದದ ಆ ನೊರೆಯಲ್ಲಿ ಇವನ ಸ್ವಂತ ಮಗಳೂ ಕುಣಿದಿದ್ದಾಳೆ.

ನೊರೆಯೇನೋ ಆರಿಹೋಯಿತು. ಅದರೊಳಗಿದ್ದ ಫ್ಲೋರಿನ್ ರಾಸಾಯನಿಕ ಮಾತ್ರ ಹೋಗಲಿಲ್ಲ. ಅದು ಕೊಳೆಯುವುದಿಲ್ಲ, ಕುದಿಸಿದರೂ ಹಾಳಾಗುವುದಿಲ್ಲ, ಜಪ್ಪಯ್ಯ ಅಂದರೂ ಜಾಗ ಬಿಡುವ ಪೈಕಿಯಲ್ಲ. ವರ್ಷಗಟ್ಟಲೆ ಮಣ್ಣಿನಲ್ಲಿ ಮೆಲ್ಲಗೆ ಇಳಿದು, ಬಡಾವಣೆಗೆಲ್ಲ ನೀರು ಕೊಡುತ್ತಿದ್ದ ದೊಡ್ಡ ಬಾವಿಯನ್ನು ಸೇರಿತ್ತು. ಅದು ಗೊತ್ತಾದ ದಿನವೇ ಬಾವಿಯ ಪಂಪಿಗೆ ಬೀಗ ಬಿತ್ತು. ಆಮೇಲೆ ಆರುನೂರು ಮನೆಗೂ ಟ್ಯಾಂಕರೇ ಗತಿ. ನೊರೆಯಣ್ಣನ ಹೆಂಡತಿ ಮಂಡಿನೋವು ಕಟ್ಟಿಕೊಂಡು ದಿನಾ ಎರಡು ಕ್ಯಾನು ಮೂರು ಮಹಡಿ ಹತ್ತಿಸುತ್ತಿದ್ದಳು, ಉಳಿದೆರಡು ಇವನ ಪಾಲಿಗೆ. ಬೀದಿಯಲ್ಲಿ ಒಬ್ಬರೂ ಇವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಇವನಿಗೆ ಅನ್ನಿಸುತ್ತಿತ್ತು.

"ಅದರಲ್ಲಿ ಏನಿದೆ ಅಂತ ನಿಮಗೇನ್ ಕನಸು ಬಿದ್ದಿತ್ತಾ? ಕೊಟ್ಟಿದ್ದನ್ನ ಹೊಡೆದ್ರಿ, ಅಷ್ಟೇ," ಎನ್ನುತ್ತಿದ್ದಳು ಹೆಂಡತಿ.

"ಹೊಡೆದಿದ್ದು ಈ ಕೈನೇ ಅಲ್ವೇನೇ?" ಎನ್ನುತ್ತಿದ್ದ ಇವನು.

ಬಾವಿಯ ಪಕ್ಕ ಶೋಧನೆಯ ಘಟಕ ಕಟ್ಟಿದಾಗ ಮೊದಲು ಅರ್ಜಿ ಹಾಕಿದವನು ಇವನೇ. ಎರಡಾಳೆತ್ತರದ ಎರಡು ಉಕ್ಕಿನ ಟ್ಯಾಂಕು, ಒಳಗೆ ತುಂಬ ಸಾಸಿವೆ ಗಾತ್ರದ ಇದ್ದಿಲು. ಬಾವಿಯ ನೀರು ಆ ಇದ್ದಿಲಿನ ನಡುವೆ ನಿಧಾನವಾಗಿ ಇಳಿದರೆ ರಾಸಾಯನಿಕ ಇದ್ದಿಲಿಗೆ ಅಂಟಿಕೊಂಡು ಉಳಿಯಬೇಕು, ಬರೀ ನೀರು ಆಚೆ ಬರಬೇಕು. ವಾಲ್ವು ತಿರುಗಿಸುವುದು, ಒತ್ತಡದ ಮುಳ್ಳು ನೋಡುವುದು, ಬೆಳಿಗ್ಗೆ ಆರಕ್ಕೆ ಬಾಟಲಿಗಳಲ್ಲಿ ನೀರು ಹಿಡಿದು ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುವುದು ಇವನ ಕೆಲಸ. ಮೂರು ಪರೀಕ್ಷೆಯೊಳಗೆ ನೀರು ಪಾಸಾದರೆ ಬಾವಿ ಉಳಿಯುತ್ತದೆ, ಇಲ್ಲದಿದ್ದರೆ ಕಾಂಕ್ರೀಟ್ ಸುರಿದು ಶಾಶ್ವತವಾಗಿ ಮುಚ್ಚಿಬಿಡುವುದು ಎಂದು ಮೇಲಿನವರು ತೀರ್ಮಾನಿಸಿದ್ದರು.

ಮೊದಲನೆಯ ಪರೀಕ್ಷೆ ಕೆಟ್ಟಿತು. ಇದ್ದಿಲನ್ನೆಲ್ಲ ತೆಗೆದು ಹೊಸದು ತುಂಬಿದರು. ಎರಡನೆಯದರ ವರದಿ ಹಿಡಿದು ಘಟಕದ ರಸಾಯನ ತಜ್ಞೆ ಒಳಗೆ ಬಂದಾಗ ಅವಳ ಮುಖ ನೋಡಿಯೇ ನೊರೆಯಣ್ಣನಿಗೆ ಗೊತ್ತಾಯಿತು. ಇನ್ನೂ ಮೂವತ್ತು ತುಂಬದ ಹುಡುಗಿ ಅವಳು, ಮಾತು ಖಡಕ್ಕು. ಇವನು ಅವಳನ್ನು ನೀರಿನ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದ.

"ಮತ್ತೆ ಹೋಯ್ತಾ ಡಾಕ್ಟರಮ್ಮ?"

"ಹೋಯ್ತು. ಆದ್ರೆ ಅಣ್ಣಾ, ಇಲ್ಲೊಂದು ವಿಚಿತ್ರ ನೋಡಿ. ಸಾಕ್ಷಿ ಬಾಟ್ಲಲ್ಲೂ ಬಂದಿದೆ."

ಈ ಸಾಕ್ಷಿ ಬಾಟಲಿಯ ವಿಷಯ ಹೇಳಿಬಿಡುತ್ತೇನೆ. ಮೊದಲ ಪರೀಕ್ಷೆ ಕೆಟ್ಟ ಮೇಲೆ ಪ್ರಯೋಗಾಲಯದವರು ಅಪ್ಪಟ ಶುದ್ಧ ನೀರು ತುಂಬಿದ ಬಾಟಲಿಯೊಂದನ್ನೂ ಕಳಿಸತೊಡಗಿದ್ದರು. ಅದನ್ನು ನಲ್ಲಿಯ ಪಕ್ಕದಲ್ಲೇ ತೆರೆದು, ಇನ್ನೊಂದು ಬಾಟಲಿಗೆ ಬಗ್ಗಿಸಿ, ಮುಚ್ಚಿ ವಾಪಸು ಕಳಿಸಬೇಕು. ಬಾವಿಗೂ ಅದಕ್ಕೂ ಸಂಬಂಧವೇ ಇಲ್ಲ. ಆ ನೀರಿನಲ್ಲೂ ರಾಸಾಯನಿಕ, ಅದೂ ಟ್ಯಾಂಕಿನಿಂದ ಆಚೆ ಬಂದ ನೀರಿನಲ್ಲಿದ್ದಷ್ಟೇ!

"ಅಂದ್ರೆ ಟ್ಯಾಂಕು ಸರಿಯಾಗೇ ಇದೆ," ಎಂದಳು ಅವಳು. "ಇದು ಹೊರಗಿಂದ ಬಿದ್ದಿದ್ದು. ಬಾಟ್ಲು ತೆರೆದವರ ಕೈಯಿಂದನೋ ಮೈಯಿಂದನೋ."

ತೆರೆದವನು ಇವನೇ. ಇವನು ಎರಡೂ ಅಂಗೈ ಚಾಚಿ ತೋರಿಸಿದ. "ಕೈಗೆ ಕ್ರೀಮ್ ಹಚ್ಚಿಲ್ಲಮ್ಮ. ಒಂದೊಂದು ಬಾಟ್ಲಿಗೂ ಹೊಸ ಗ್ಲೌಸು. ಪೈಪಿನ ಮರೆಗೆ ಸುತ್ತೋ ಬಿಳಿ ಟೇಪು ಮುಟ್ಟಿಲ್ಲ. ಆ ರಾಸಾಯನಿಕ ಯಾವುದರಲ್ಲೆಲ್ಲ ಇರುತ್ತೆ ಅಂತ ನೀವು ಗೋಡೆಗೆ ಅಂಟಿಸಿದ ಚೀಟಿ ನನಗೆ ಬಾಯಿಪಾಠ."

"ಚೀಟೀಲಿ ಮಳೆ ಕೋಟು ಬೇಡ ಅಂತಾನೂ ಇತ್ತು."

"ಅಯ್ಯೋ, ಮಳೆ ಕೋಟು ನಮ್ಮನೇಲೇ ಇಲ್ಲ!" ಎಂದವನ ಕಣ್ಣು ತಾನಾಗಿ ಮೂಲೆಯ ಮೊಳೆಯ ಕಡೆ ಹೋಯಿತು. ಅಲ್ಲಿ ಅವನ ದಳದ ಕೋಟು ನೇತಾಡುತ್ತಿತ್ತು.

ಬೆಳಗಿನ ಚಳಿಗೆ ಅದನ್ನು ಹಾಕಿಕೊಂಡು ಬರುತ್ತಿದ್ದ, ನೀರು ಹಿಡಿದು ಮುಗಿಸಿದ ಮೇಲೆ ಅಲ್ಲಿ ತೂಗುಹಾಕುತ್ತಿದ್ದ. ಡಾಕ್ಟರಮ್ಮ ಬರುವುದು ಒಂಬತ್ತಕ್ಕೆ, ಹಾಕಿಕೊಂಡದ್ದನ್ನು ಅವಳು ಕಂಡೇ ಇರಲಿಲ್ಲ. ಆ ಕೋಟು ತೊಟ್ಟು ಅವನು ಉರಿಯುವ ಮನೆಗಳಿಗೆ ನುಗ್ಗಿದ್ದ, ಒಮ್ಮೆ ಒಬ್ಬ ಅಜ್ಜಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ನಿವೃತ್ತಿಯ ದಿನ ಜೊತೆಗಾರರು ಅದನ್ನೇ ಮಡಿಸಿ ಕೈಗಿತ್ತಿದ್ದರು. "ಆ ಕೋಟನ್ನೇ ಮದುವೆ ಆಗ್ಬೇಕಿತ್ತು ನೀವು," ಎಂದು ಹೆಂಡತಿ ರೇಗಿಸುವುದಿತ್ತು. ಅದನ್ನು ಮಳೆ ಕೋಟು ಅಂದುಕೊಳ್ಳುವುದಾದರೂ ಹೇಗೆ? ಅವನ ಪಾಲಿಗೆ ಅದು ಬೆಂಕಿಯ ಕೋಟು.

ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಮುಂದಿನ ಸಲ ಬೇರೆ ಅಂಗಿ ತೊಟ್ಟು ಬಂದಿದ್ದರೆ ಯಾರಿಗೂ ಸುಳಿವು ಸಿಗುತ್ತಿರಲಿಲ್ಲ. ಆ ಯೋಚನೆ ಒಂದು ಗಳಿಗೆ ಅವನ ತಲೆಯಲ್ಲೂ ಸುಳಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವನು ಎದ್ದುಹೋಗಿ ಕೋಟನ್ನು ತಂದು ಅವಳ ಮೇಜಿನ ಮುಂದೆ ಹಿಡಿದ.

"ಇದನ್ನ ಹಾಕ್ಕೊಂಡಿರ್ತೀನಮ್ಮ. ಅಪ್ಪಟ ಸರಕು, ಒಂದು ಹನಿ ನೀರೂ ನಿಲ್ಲಲ್ಲ..." ಎನ್ನುತ್ತಿದ್ದವನು ತನ್ನ ಮಾತು ತನಗೇ ಕೇಳಿಸಿದಂತಾಗಿ ನಿಲ್ಲಿಸಿದ.

ಅವಳು ಲೋಟದಲ್ಲಿ ಬೆರಳದ್ದಿ ತೋಳಿನ ಮೇಲೆ ನಾಲ್ಕು ಹನಿ ಚಿಮುಕಿಸಿದಳು. ಹನಿಗಳು ದುಂಡಗೆ ಉರುಳಿ ನೆಲಕ್ಕೆ ಬಿದ್ದವು. ನೀರು ಹಾಗೆ ಜಾರಬೇಕಾದರೆ ಬಟ್ಟೆಗೆ ಏನು ಬಳಿದಿರಬೇಕು ಎಂದು ಅವಳು ಬಿಡಿಸಿ ಹೇಳಬೇಕಾಗಲಿಲ್ಲ. ನೊರೆಯಲ್ಲಿದ್ದ ರಾಸಾಯನಿಕದ ದಾಯಾದಿಯೇ ಅದು.

"ಮೊದಲು ಬಾವಿ ಕೆಡಿಸಿದೆ. ಈಗ ಅದನ್ನ ಮುಚ್ಚಿಸೋಕೂ ಹೊರಟಿದ್ದೆನಲ್ಲಮ್ಮ."

"ಮುಚ್ಚಿಸಿಲ್ಲ ಅಲ್ವಾ ಅಣ್ಣಾ, ಇನ್ನೊಂದು ಬಾಕಿ ಇದೆ," ಎಂದಳು ಅವಳು. ದನಿಯಲ್ಲಿದ್ದ ಖಡಕ್ಕು ಎಲ್ಲೋ ಹೋಗಿತ್ತು. "ಮೇಲಿನವರಿಗೆ ಇದ್ದಿದ್ದು ಇದ್ದ ಹಾಗೆ ಬರೀತೀನಿ. ನೀರು ಮಾತ್ರ ನೀವೇ ಹಿಡೀಬೇಕು."

ಮೂರನೆಯ ಸಲ ಅವನು ಒಗೆದು ಒಗೆದು ಸವೆದ ಹತ್ತಿಯ ಅಂಗಿ ತೊಟ್ಟು ಹೊರಟ. "ಚಳಿಗೆ ಬಿದ್ದು ಆಸ್ಪತ್ರೆ ಸೇರಿದ್ರೆ ನಾನಂತೂ ನೋಡೋಕೆ ಬರಲ್ಲ," ಎಂದು ಹೆಂಡತಿ ಬಾಗಿಲಲ್ಲಿ ಗದರಿದಳು. ಗದರುತ್ತಲೇ ಅಂಗಿಯ ಮೇಲಿನ ಗುಂಡಿ ಹಾಕಿದಳು. ಅವನು ನಡುಗುತ್ತ ನೀರು ಹಿಡಿದ, ಸಾಕ್ಷಿ ಬಾಟಲಿ ಬಗ್ಗಿಸಿದ, ಪೆಟ್ಟಿಗೆ ಕಳಿಸಿದ. ಹತ್ತು ದಿನ ವರದಿಯ ದಾರಿ ಕಾದ.

ಹನ್ನೊಂದನೆಯ ದಿನ ಡಾಕ್ಟರಮ್ಮ ಒಂಬತ್ತಕ್ಕೆ ಬರುವವಳು ಎಂಟಕ್ಕೇ ಓಡಿಬಂದಳು. ಬಾವಿಯಿಂದ ಬರುವ ನೀರಿನಲ್ಲಿ ರಾಸಾಯನಿಕ ಎಂದಿನಷ್ಟೇ ಇತ್ತು. ಇದ್ದಿಲು ದಾಟಿ ಬಂದ ನೀರಿನಲ್ಲಿ, ಯಂತ್ರ ಹಿಡಿಯಬಲ್ಲಷ್ಟೂ ಇರಲಿಲ್ಲ. ಸಾಕ್ಷಿ ಬಾಟಲಿಯೂ ಸ್ವಚ್ಛ.

"ಪಾಸ್ ಅಣ್ಣಾ!" ಎಂದಳು.

ಕೋಟನ್ನು ಏನು ಮಾಡುವುದು ಎಂಬ ಪ್ರಶ್ನೆ ಉಳಿದಿತ್ತು. ಒಗೆದರೆ ಚರಂಡಿಗೆ ಹೋಗುತ್ತದೆ, ಹಿತ್ತಲಲ್ಲಿ ಸುಟ್ಟರೆ ಹೊಗೆಯಾಗಿ ಮತ್ತೆ ಊರಿನ ಮೇಲೇ ಬೀಳುತ್ತದೆ. ಬಳಸಿ ತೆಗೆದ ಇದ್ದಿಲು ಡ್ರಮ್ಮುಗಳಲ್ಲಿ ಕೂತು, ಈ ರಾಸಾಯನಿಕವನ್ನೂ ಮುರಿಯುವಷ್ಟು, ಸಾವಿರ ಡಿಗ್ರಿ ದಾಟಿ ಉರಿಯುವ ದೂರದ ಕುಲುಮೆಗೆ ಹೊರಡಲಿತ್ತು. ನೊರೆಯಣ್ಣ ಗುಂಡಿಗಳನ್ನೆಲ್ಲ ಹಾಕಿ, ದಳದಲ್ಲಿ ಮಡಿಸುತ್ತಿದ್ದ ಹಾಗೆಯೇ ತೋಳು ಒಳಗೆ ಮಾಡಿ ಮಡಿಸಿ, ಕೊನೆಯ ಡ್ರಮ್ಮಿನಲ್ಲಿ ಇದ್ದಿಲಿನ ಮೇಲೆ ಇಟ್ಟ. ಮುಚ್ಚಳದ ಬಳೆಯನ್ನು ಬೇರೆಯವರಿಗೆ ಬಿಡದೆ ತಾನೇ ಬಿಗಿದ.

ಬಾವಿ ತೆರೆದ ಬೆಳಿಗ್ಗೆ ಮನೆಯ ನಲ್ಲಿ ಒಂದಷ್ಟು ಹೊತ್ತು ಕೆಮ್ಮಿ, ಆಮೇಲೆ ತಿಳಿಯಾಗಿ ಹರಿಯಿತು. ಹೆಂಡತಿ ಲೋಟ ತುಂಬಿ ಅವನ ಮುಂದೆ ಹಿಡಿದಳು.

"ನೀವೇ ಮೊದಲು."

"ಇಲ್ಲ, ನೀನು ಕುಡಿ. ನಾನು ನೋಡ್ತೀನಿ."

ಅವಳು ಗಟಗಟನೆ ಕುಡಿದು ಲೋಟ ಬೋರಲು ಹಾಕಿದಳು. "ಏನ್ರೀ ಹಂಗ್ ನೋಡ್ತೀರಾ? ನೀರು ಕುಡಿಯೋರನ್ನ ಕಂಡೇ ಇಲ್ವಾ?"

ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಹತ್ತಿಯ ಬಟ್ಟೆ ಅಷ್ಟನ್ನೂ ಹೀರಿಕೊಂಡಿತು.