ಹೊಗೆ ಕಾಣಿಸದ ಹಡಗು

ಯಮನೂರಪ್ಪ ಯುದ್ಧಕ್ಕೆ ಹೋಗಿ ಬಂದವನು, ಆದರೆ ಯುದ್ಧ ನೋಡಿದವನಲ್ಲ. ಈ ಮಾತು ಸಿಂಧನೂರಿನಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಹೆಂಡತಿ ಗಂಗಾದೇವಿಗೆ ಗೊತ್ತಾಗಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು ಬಿಡಿ. ಅವಳು ಹೇಳಿಕೊಂಡು ಬಂದ ಕಥೆಯೇ ಬೇರೆ. ಎಪ್ಪತ್ತೊಂದರ ಯುದ್ಧದಲ್ಲಿ ತನ್ನ ಗಂಡ ವೈರಿಯ ಹಡಗನ್ನು ಮುಳುಗಿಸಿದ್ದಾನೆ! ಮದುವೆಯಾದ ಹೊಸತರಲ್ಲಿ ಅದು ಒಂದೇ ಹಡಗು. ಮಗಳ ಮದುವೆಯ ಹೊತ್ತಿಗೆ ಎರಡಾಯಿತು. ಮೊಮ್ಮಕ್ಕಳಾದ ಮೇಲೆ ಲೆಕ್ಕ ಇಡುವುದನ್ನೇ ಬಿಟ್ಟು ‘ಹಡಗುಗಳು’ ಎನ್ನತೊಡಗಿದಳು. ಕಿರಾಣಿ ಅಂಗಡಿ, ದವಾಖಾನೆಯ ಸಾಲು, ಬಸ್ಸಿನ ಸೀಟು, ಎಲ್ಲಿ ಕೂತರೂ ಅವಳಿಗೆ ಸಮುದ್ರ ಸಿಗುತ್ತಿತ್ತು.

ಯಮನೂರಪ್ಪ ತಿದ್ದಲಿಲ್ಲ. ಅಷ್ಟು ಸಂಭ್ರಮದಿಂದ ಹೇಳುವವಳ ಬಾಯಿ ಮುಚ್ಚಿಸಲು ಮನಸ್ಸು ಬರಲಿಲ್ಲ. ತಿದ್ದಿದರೂ ಅದರ ಜಾಗದಲ್ಲಿ ಏನು ಹೇಳುವುದು? ನಾನು ಹಡಗಿನ ತಳದಲ್ಲಿ ನಿಂತು ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದೆ ಎಂದರೆ ಯಾರು ಮೂಗಿನ ಮೇಲೆ ಬೆರಳಿಡುತ್ತಾರೆ?

ಈ ವರ್ಷ ಅದು ಕುತ್ತಿಗೆಗೆ ಬಂತು. ಓಣಿಯ ಶಾಲೆಯ ಮಾಸ್ತರ ವೀರೇಂದ್ರ, ಗಂಗಾದೇವಿಯ ಕಥೆಯನ್ನು ಕಿವಿಯಾರೆ ಕೇಳಿದವನು, ಸ್ವಾತಂತ್ರ್ಯ ದಿನಕ್ಕೆ ಕರೆಯಲು ಮನೆಗೇ ಬಂದ.

“ಅಜ್ಜಾರ, ಹಡಗ ಹೆಂಗ ಮುಳುಗಿಸಿದ್ರಿ ಅಂತ ಹುಡುಗ್ರಿಗೆ ನಿಮ್ಮ ಬಾಯಾಗ ಹೇಳಬೇಕ್ರಿ.”

“ಹೇಳ್ತಾನ ತಗೋರಿ,” ಎಂದಳು ಗಂಗಾದೇವಿ, ಗಂಡ ಬಾಯಿ ತೆರೆಯುವ ಮೊದಲೇ. ಮಾಸ್ತರನ ಬೆನ್ನು ತಿರುಗಿದ್ದೇ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಯಮನೂರಪ್ಪ ಸೀರೆಯನ್ನು ನೋಡುತ್ತ ಕೂತ. ಬಾವುಟದ ಕೆಳಗೆ ನಿಂತು ಸುಳ್ಳು ಹೇಳುವುದು ಅವನಿಂದಾಗದು. ಖರೆ ಹೇಳಿದರೆ ಇಡೀ ಓಣಿಯ ಮುಂದೆ ಇವಳ ಮುಖ ಏನಾಗಬೇಕು?

ಅವನ ಹಡಗಿನ ಹೆಸರು ‘ಚಂದ್ರಭಾಗಾ’. ಅದು ಹುಟ್ಟಾ ಯುದ್ಧದ ಹಡಗಲ್ಲ. ಅಕ್ಕಿ, ಉಪ್ಪು, ಉಳ್ಳಾಗಡ್ಡಿ ಹೊತ್ತು ಬಂದರಿನಿಂದ ಬಂದರಿಗೆ ತಿರುಗುವ ಮುದಿ ಸರಕಿನ ಹಡಗು. ಹುಟ್ಟೂರು ಪಾಮನಕಲ್ಲೂರಿನಿಂದ ಮುಂಬೈಗೆ ದುಡಿಯಲು ಹೋದ ಯಮನೂರಪ್ಪನನ್ನು ಅದರ ಬಾಯ್ಲರಿಗೆ ಸೇರಿಸಿದವನು ಅದೇ ಊರಿನ ಹುಸೇನ್‌ಸಾಬ್. ಮಸ್ಕಿ ಸೀಮೆಯ ಬಿಸಿಲು ಉಂಡು ಬೆಳೆದವನಿಗೆ ಬೆಂಕಿ ಏನು ಮಾಡೀತು ಎಂಬುದು ಅವನ ಶಿಫಾರಸು. ಬೆಂಕಿ ಮಾಡುವುದನ್ನೆಲ್ಲ ಮಾಡಿತು. ಮೊದಲ ವಾರ ಹುಡುಗ ಮೂರ್ಛೆ ಹೋದ, ಎದ್ದ, ಮತ್ತೆ ಸಲಿಕೆ ಹಿಡಿದ.

ಯುದ್ಧದ ಸುದ್ದಿ ದಟ್ಟವಾದಾಗ ನೌಕಾಪಡೆಯವರು ಬಂದು ಆ ಉಳ್ಳಾಗಡ್ಡಿ ಹಡಗಿಗೆ ಬೂದಿ ಬಣ್ಣ ಬಳಿದರು, ಹೆಸರು ಅಳಿಸಿದರು. ಮುಂದೊಂದು ಹಿಂದೊಂದು ತೋಪು ಕೂರಿಸಿದರು. ಅಕ್ಕಿ ಚೀಲವಿದ್ದ ಜಾಗಕ್ಕೆ ಗುಂಡುಗಳು ಬಂದವು. ಮುಂದೆ ಹೋಗಿ ಕಾದಾಡುವ ಸಣ್ಣ ದೋಣಿಗಳಿಗೆ ಗುಂಡು, ಎಣ್ಣೆ, ನೀರು ಒದಗಿಸಿ ಬರುವುದು ಅದರ ಪಾಲಿನ ಕೆಲಸ. ಬೇಡವೆಂದವರು ಇಳಿದು ಹೋಗಬಹುದು ಎಂದರು. ಕೆಲವರು ಇಳಿದರು. ಹುಸೇನ್‌ಸಾಬ್ ಇಳಿಯಲಿಲ್ಲ, ಅವನನ್ನು ನೋಡಿ ಯಮನೂರಪ್ಪನೂ ಇಳಿಯಲಿಲ್ಲ.

ಯುದ್ಧ ಮುಗಿದ ಮೇಲೆ ತೋಪು ಇಳಿದವು, ಹೆಸರು ಮರಳಿ ಬಂತು, ಚಂದ್ರಭಾಗಾ ಏನೂ ಆಗಿಲ್ಲವೆಂಬಂತೆ ಗೋಧಿ ಹೊತ್ತಿತು. ಕೊನೆಗೆ ಅದನ್ನು ದಂಡೆಗೆ ಎಳೆದು ಒಡೆದರು. ಆ ದಿನ ಅತ್ತ ಯಮನೂರಪ್ಪ ಸೀದಾ ಸಿಂಧನೂರಿಗೆ ಬಂದು, ಒಂದು ರೈಸ್ ಮಿಲ್ಲಿನ ಬಾಯ್ಲರಿಗೆ ಭತ್ತದ ಹೊಟ್ಟು ಹಾಕುತ್ತ ಮುದುಕನಾದ.

ಹದಿನೈದನೇ ತಾರೀಖು ಶಾಲೆಯ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟ ಗಂಗಾದೇವಿ, ಅಕ್ಕಪಕ್ಕದಲ್ಲಿ ಅವಳೇ ಕರೆತಂದ ಓಣಿಯ ಹೆಂಗಸರು. ಯಮನೂರಪ್ಪ ಮೈಕು ಹಿಡಿದ. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಬ್ಬ ಹುಡುಗಿ ಎದ್ದು ಕೇಳಿಯೇಬಿಟ್ಟಳು:

“ಅಜ್ಜಾ, ಎಷ್ಟ್ ಹಡಗ ಮುಳುಗಿಸೀರಿ?”

ಅವನು ಹೆಂಡತಿಯ ಕಡೆ ನೋಡಿದ. ಆಮೇಲೆ ನೋಡಲಿಲ್ಲ.

“ಒಂದೂ ಇಲ್ಲವ್ವ. ನಾ ವೈರಿ ಹಡಗ ಕಣ್ಣಿಲೆ ಸೈತ ಕಂಡಿಲ್ಲ. ನಾ ಇದ್ದದ್ದು ತಳದಾಗ, ನೀರಿನ ಕೆಳಗ.”

ಮಾಸ್ತರ ಕಾಲು ಬದಲಿಸಿ ನಿಂತ. ಯಮನೂರಪ್ಪನಿಗೆ ಇನ್ನು ಹೆದರುವುದಕ್ಕೆ ಏನೂ ಉಳಿದಿರಲಿಲ್ಲ.

“ಗುಂಡು ಕೊಟ್ಟು ತಿರುಗಿ ಬರಾಕತ್ತಿದ್ವಿ. ಬೆಳಕ ಹರಿದಿತ್ತು. ಮ್ಯಾಲೆ ವೈರಿ ವಿಮಾನ ಹುಡುಕ್ಯಾಡಾಕತ್ತಿದ್ವಂತ. ಮ್ಯಾಲಿಂದ ಮಾತಾಡೋ ಕೊಳವಿಯಾಗ ಕಪ್ತಾನ ಹೇಳಿದ, ಹೊಗಿ ಬರಬಾರದು, ಓಟಾನೂ ಕಮ್ಮಿ ಆಗಬಾರದು ಅಂತ. ಮುದಿ ಹಡಗದು. ಒಂದ ಸಲಿಕಿ ಜಾಸ್ತಿ ಬಿತ್ತಂದ್ರ ಕರೇ ಹೊಗಿ ಮುಗಲ ಮುಟ್ಟತೈತಿ. ಕಮ್ಮಿ ಬಿತ್ತಂದ್ರ ಹಡಗ ನಿಂದರತೈತಿ. ಚೂರ್ ಚೂರ್ ಹಾಕಬೇಕು, ತೆಳ್ಳಗ ಹರವಬೇಕು, ಭಟ್ಟಿ ಬಾಗಲಾ ತಟ್ಟನೆ ಮುಚ್ಚಬೇಕು. ಹುಸೇನ್‌ಸಾಬ್ ಝಳಕ್ಕ ಬಿದ್ದುಬಿಟ್ಟ. ಆಂವನ ಭಟ್ಟೀನೂ ನಾನೇ ಹಿಡದೆ. ಸಂಜಿ ಆಗೂತನಕ ನಮ್ಮ ಹಡಗಿನ ಹೊಗಿ ಯಾರೂ ಕಾಣಲಿಲ್ಲ. ಮ್ಯಾಲಿದ್ದ ಮಂದಿ ಎಲ್ಲಾರೂ ತಮ್ಮ ತಮ್ಮ ಮನಿಗೆ ಹೋದ್ರು.” ಅವನು ಮೈಕನ್ನು ಇನ್ನೊಂದು ಕೈಗೆ ತೆಗೆದುಕೊಂಡ. “ನಾ ಮುಳುಗಿಸಿಲ್ಲವ್ವ. ಒಂದ ಹಡಗ ಮುಳುಗಲಾರದಂಗ ನೋಡಿಕೊಂಡೆ, ನಮ್ಮದನ್ನ.”

ಚಪ್ಪಾಳೆ ತಡವಾಗಿ ಬಂತು, ಆದರೆ ಬಂದದ್ದು ನಿಲ್ಲಲೇ ಇಲ್ಲ. ಯಮನೂರಪ್ಪನ ಎದೆ ಉಬ್ಬಿತು. ಇಷ್ಟು ವರ್ಷ ಯಾರದೋ ಪರಾಕ್ರಮವನ್ನು ಸಾಲ ತಂದು ಉಟ್ಟವನಿಗೆ ಇವತ್ತು ತನ್ನದೇ ಸಿಕ್ಕಿತ್ತು. ಗಂಗಾದೇವಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಸೆರಗು ಬಿಗಿದು ನೆಟ್ಟಗೆ ಕೂತಿದ್ದಳು.

ಮನೆಗೆ ಹೋಗುವಾಗ ಆಟೋದಲ್ಲಿ ಅವಳು ಮುಖ ಹೊರಗೆ ತಿರುಗಿಸಿಕೊಂಡು ಕೂತಳು. ಅವನಿಗೆ ಗಳಿಸಿದ್ದೆಲ್ಲ ಕೈಜಾರಿದ ಹಾಗಾಯಿತು. ಆಟೋ ಓಡಿಸುವ ಹಸನ್‌ಸಾಬ್ ಓಣಿಯವನೇ, ಹಡಗಿನ ಕಥೆ ಬಾಯಿಪಾಠ ಇದ್ದವನು; ಇವತ್ತಿನ ಮಾತನ್ನೂ ಶಾಲೆಯ ಗೇಟಿನಲ್ಲಿ ನಿಂತು ಕೇಳಿದ್ದ. ಸುಮ್ಮನಿರಲಾರದೆ ಕೆಣಕಿದ.

“ಏನ್ ಬೇ ಗಂಗಮ್ಮ, ಹಡಗ ಮುಳುಗಿಸ್ಯಾನ ಮುಳುಗಿಸ್ಯಾನ ಅಂತಿದ್ದಿ?”

“ಮುಳುಗಿಸೋದು ಏನ್ ದೊಡ್ಡದೋ ಹಸನ್‌ಸಾಬ್?” ಎಂದಳು ಗಂಗಾದೇವಿ. “ತೂತ ಬಿದ್ರ ಕೊಡಾನೂ ಮುಳುಗತೈತಿ. ಹಗಲೊತ್ತಿನಾಗ ಬೆಂಕಿ ಹಚ್ಚಿ, ಹೊಗಿ ಕಾಣಿಸಲಾರದಂಗ ಅಷ್ಟ ಮಂದಿನ್ನ ಮನಿ ಮುಟ್ಟಿಸ್ಯಾನ ನಮ್ಮನಿಯಾಂವ. ನೀ ಒಂದ ಒಲಿ ಹಂಗ ಹಚ್ಚಿ ತೋರಿಸು ನೋಡೂನು.”

ಹಸನ್‌ಸಾಬ್ ನಕ್ಕು ಸೋತ. ಗಂಗಾದೇವಿ ಗಂಡನ ಕಡೆ ಹೊರಳಿದಳು. ದನಿ ಇಳಿದಿತ್ತು.

“ಒಳಗ ಭಾಳ ಝಳ ಇತ್ತೇನು?”

ಎಷ್ಟು ಹಡಗು, ಎಂಥ ತೋಪು ಎಂದು ಕೇಳಿದವರು ಊರ ತುಂಬ ಇದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಯಮನೂರಪ್ಪ ಅವಳ ಕಡೆ ತಿರುಗಿದ.

“ಇತ್ತು,” ಎಂದ. “ಭಾಳ ಇತ್ತು.”

ಆಟೋ ಮನೆಯ ಮುಂದೆ ನಿಂತಿತು. ಹಸನ್‌ಸಾಬ್ ಇಂಜಿನ್ ಬಂದ್ ಮಾಡಿ ಹಿಂದಕ್ಕೆ ತಿರುಗಿ ಕೂತ, ಗಂಗಾದೇವಿ ಇಳಿಯಲಿಲ್ಲ, ಯಮನೂರಪ್ಪ ಮೊದಲಿನಿಂದ ಹೇಳತೊಡಗಿದ.