ರುದ್ರಣ್ಣನಿಗೆ ತಪ್ಪಿಹೋದ ಎಪಿಸೋಡು

ಲೈನ್‌ಮನ್ ರುದ್ರಣ್ಣ ಸದ್ದಿಲ್ಲದೆ ನಗುತ್ತಿದ್ದರು. ಹೊಟ್ಟೆ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿರುತ್ತಿತ್ತು. ಯಾಕೆ ಹೀಗೆ ಎಂದರೆ, "ಫೋನ್ ಬಂದ್ರೆ ಕೇಳುಸ್ಬೇಕಲ್ಲವ್ವ. ಯಾರ್ ತೋಟ್ದಲ್ಲಿ ಗರಿ ಬಿದ್ದಿರ್ತದೋ ಏನೋ" ಅನ್ನುತ್ತಿದ್ದರು. ನಮ್ಮ ಸೀಮೆಯಲ್ಲಿ ತಂತಿಯ ಮೇಲೆ ತೆಂಗಿನ ಗರಿ ಬೀಳದ ದಿನವುಂಟೇ!

ನೊಣವಿನಕೆರೆಯಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ತಾಲ್ಲೂಕು ಕಚೇರಿಯ ಪಹಣಿ ಕೌಂಟರಿನಲ್ಲಿ ದಿನವಿಡೀ ಜನರಿಂದ ಬೈಸಿಕೊಂಡು, ಬಸ್ಸಿನಲ್ಲಿ ನಿಂತೇ ಬಂದರೆ ಯಾರ ಮುಖವೂ ಬೇಡವಾಗಿರುತ್ತಿತ್ತು. ಸಂಜೆಯ ಹಾಸ್ಯ ಧಾರಾವಾಹಿಯೊಂದೇ ನನಗೆ ಗತಿ. ಮಗಳನ್ನು ಮದುವೆ ಮಾಡಿಕೊಟ್ಟು ಒಂಟಿಯಾಗಿದ್ದ ರುದ್ರಣ್ಣನೂ ಬಂದು ಕೂರುತ್ತಿದ್ದರು. ನನ್ನ ಮುಖ ನೋಡಿ, "ಆಫೀಸ್ನ ಬಾಗ್ಲಾಚೆ ಬುಟ್ಟು ಬಾರವ್ವ. ಇದು ನಗೋ ಟೈಮು" ಅನ್ನುವರು.

ಒಂದು ಸಂಜೆ ಗಾಳಿಮಳೆ. ಅವತ್ತು ಕೌಂಟರಿನಲ್ಲಿ ಒಬ್ಬ ಅರ್ಜಿಯನ್ನು ನನ್ನ ಮುಖಕ್ಕೇ ಎಸೆದಿದ್ದ. ಮನೆಗೆ ಬಂದು ಟಿವಿ ಹಾಕಿದರೆ, ಧಾರಾವಾಹಿ ಶುರುವಾಗುತ್ತಲೇ ಕರೆಂಟು ಹೋಯಿತು. ಮೈಯೆಲ್ಲ ಉರಿದುಹೋಯಿತು. ರುದ್ರಣ್ಣನಿಗೆ ಫೋನ್ ಮಾಡಿ, "ಎಲ್ಲಿ ಬಿದ್ಕೊಂಡಿದೀರ? ಸಂಬಳ ಯಾತಕ್ಕೆ ತಗೊಳ್ತೀರ?" ಎಂದು ಕಿರುಚಿಬಿಟ್ಟೆ.

"ಕಂಬದ್ ಮ್ಯಾಲಿವ್ನಿ ಕಣವ್ವ. ಈಗ್ ಬತ್ತದೆ" ಎಂದರು, ಅಷ್ಟೇ.

ಬೇಗನೆ ಕರೆಂಟು ಬಂತು, ನಾನು ಟಿವಿಯ ಮುಂದೆ ಕೂತೆ. ಅವರು ಬರುವ ಹೊತ್ತಿಗೆ ಧಾರಾವಾಹಿ ಮುಗಿದಿತ್ತು. ಮೈಯೆಲ್ಲ ಒದ್ದೆ, ಮೊಣಕೈ ತರಚಿತ್ತು. ನಾನು ತಲೆ ಎತ್ತಲಿಲ್ಲ. ಅವರೋ ಕುರ್ಚಿ ಎಳೆದುಕೊಂಡು, "ಏನಾಯ್ತವ್ವ ಇವತ್ತು? ಹೇಳು, ಕೇಳಾನ" ಎಂದರು. ಧಾರಾವಾಹಿಯಲ್ಲಿ ಮನೆಯಳಿಯ ಗೊತ್ತಿಲ್ಲದೆ ಮಾವನ ಪಂಚೆಯುಟ್ಟು ಬೀಗರೂಟಕ್ಕೆ ಹೋದದ್ದನ್ನು ಎದ್ದು ನಿಂತು ಮಾಡಿ ತೋರಿಸಿದೆ. ಅವರ ಹೊಟ್ಟೆ ಕುಣಿಯಿತು. ಅಲ್ಲಿಂದ ಮುಂದೆ ಅವರಿಗೆ ತಪ್ಪಿದ ಎಪಿಸೋಡನ್ನೆಲ್ಲ ನಾನೇ ಹೇಳುತ್ತಿದ್ದೆ. 'ತಪ್ಪಾಯ್ತು' ಅನ್ನುವ ಮಾತನ್ನಂತೂ ವರ್ಷಗಟ್ಟಲೆ ಹೇಳಲಿಲ್ಲ, ದರಿದ್ರ ಸಂಕೋಚ!

ಮುಂದೆ ರುದ್ರಣ್ಣ ನಿವೃತ್ತರಾಗಿ, ಸಂಪಿಗೆ ಎಂಬ ಊರಿನಲ್ಲಿದ್ದ ಮಗಳ ಮನೆ ಸೇರಿದರು. ಹೋದ ವರ್ಷ ಹುಷಾರಿಲ್ಲವೆಂದು ತಿಳಿದು ನೋಡಲು ಹೋದೆ. ಮಂಚದ ಪಕ್ಕ ಕೂತು, "ರುದ್ರಣ್ಣ, ನೀವು ಕಂಬದ ಮೇಲಿದ್ದಾಗ ಒಂದಿನ ಬಾಯಿಗೆ ಬಂದಂಗೆ ಬೈದಿದ್ದೆ. ತಪ್ಪಾಯ್ತು" ಎಂದೆ.

ಅವರಿಗೆ ನೆನಪೇ ಇರಲಿಲ್ಲ. "ಯಾವತ್ತವ್ವ? ಕರೆಂಟ್ ಹೋದ್ರೆ ಊರೇ ಬೈಯೋದು. ಕೆಳೀಕ್ ಇಳಿದ್ ಮ್ಯಾಲೆ ಕೂರುಸ್ಕೊಂಡು ಕತೆ ಹೇಳ್ದೋಳು ನೀನೊಬ್ಳೇ ಕಣವ್ವ."

ನನಗೆ ಅಳು ತಡೆಯಲಾಗಲಿಲ್ಲ. ತಿಂಗಳೊಳಗೆ ಅವರು ಹೋಗಿಬಿಟ್ಟರು. ಈಗಲೂ ಟಿವಿಯ ಮುಂದೆ ಕೂತರೆ, ಇದನ್ನು ರುದ್ರಣ್ಣನಿಗೆ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುತ್ತೇನೆ.