ಅನ್ನ ನೀರು ಮರೆಸುವ ಪುಸ್ತಕ

ಗಾಜಿಪುರದ ನಮ್ಮ ಬಾಡಿಗೆ ಕೋಣೆಯಲ್ಲಿ ಪುಸ್ತಕ ಓದುವುದಕ್ಕಿಂತ ಹೊಗಳುವುದೇ ದೊಡ್ಡ ಕಸುಬು. ಕಚೇರಿಯಿಂದ ಬಂದ ಗೆಳೆಯರ ಕೈಗೆ ಉರ್ದು ಕಾದಂಬರಿಯೊಂದು ಸಿಕ್ಕರೆ ಒಬ್ಬ ‘ದಿಲ್‌ಚಸ್ಪ್’ ಎನ್ನುವನು, ಆ ಮಾತು ಸಪ್ಪೆಯಾಯಿತೆಂದು ಇನ್ನೊಬ್ಬ ‘ಲಾಜವಾಬ್’ ಎನ್ನುವನು. ನನ್ನದು ಒಂದೇ ಮಾತು, ಅದೂ ಕನ್ನಡದ್ದು: ‘ಅನ್ನ ನೀರು ಮರಸೋ ಪುಸ್ತಕ.’ ಹಾಗೆನ್ನುವಾಗ ಕಾದಂಬರಿ ಬರೆದವನು ನಾನೇ ಎಂಬಂತೆ ಎದೆ ಉಬ್ಬಿಸುತ್ತಿದ್ದೆ.

ಕಮಲಾಪುರದಲ್ಲಿ ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂದಾಗ ಅಂಥದೊಂದು ಕಾದಂಬರಿಯ ನಡುವೆ ಇದ್ದೆ. ಕಾಣೆಯಾದ ತಂಗಿಯನ್ನು ಹುಡುಕುತ್ತ ಅಣ್ಣ ಊರೂರು ಅಲೆಯುವ ಕಥೆ. ಬಿಟ್ಟು ಹೋಗಲು ಮನಸ್ಸಾಗದೆ ಜೊತೆಗೆ ಒಯ್ದೆ. ಎತ್ತಿನ ಗಾಡಿ ಮಹಾಗಾಂವ ದಾಟುವಾಗಲೂ ಕಣ್ಣು ಹಾಳೆಯ ಮೇಲೇ ಇತ್ತು. ಗಾಡಿ ಹೊಡೆಯುವವನು ಏನೋ ಪುರಾಣವಿರಬೇಕೆಂದು ನನ್ನನ್ನು ಮಾತಾಡಿಸಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ದೊಡ್ಡವ್ವ ಪಡಸಾಲೆಯ ಕಂಬಕ್ಕೊರಗಿ ಕುಳಿತಿದ್ದಳು. ನೆರೆಯವರು ತಂದ ರೊಟ್ಟಿ ಹಾಗೇ ಬಿದ್ದಿತ್ತು. ಗುಟುಕು ನೀರನ್ನೂ ಬೇಡವೆನ್ನುತ್ತಿದ್ದಳು. ಅವಳ ಸೊಸೆ, ನಮ್ಮ ಅತ್ತಿಗೆ, ಬೇಡಿಕೊಂಡು ಸಾಕಾಗಿದ್ದಳು. ನಾನೆಂಬ ಪುಣ್ಯಾತ್ಮ ಬಾಗಿಲ ಮರೆಯಲ್ಲಿ ಕೂತು ಓದುತ್ತಿದ್ದೆ.

“ಯಾವ ಪುಸ್ತಕ ಯಪ್ಪಾ ಅದು? ಬಂದಾಗಿಂದ ನಿನ್ನ ಕೈಯಾಗೇ ಅದ,” ಎಂದಳು ದೊಡ್ಡವ್ವ.

“ಅನ್ನ ನೀರು ಮರಸೋ ಪುಸ್ತಕ, ದೊಡ್ಡವ್ವಾ,” ಎಂದುಬಿಟ್ಟೆ. ಬಾಯಿಗೆ ರೂಢಿಯಾದ ಮಾತು.

ಅತ್ತಿಗೆ ತಿರುಗಿ ನೋಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ನನಗ ಅನ್ನ ನೀರು ನಿನ್ನಿನೇ ಮರ್ತಾವ,” ಎಂದಳು ದೊಡ್ಡವ್ವ. ಸಿಟ್ಟಿರಲಿಲ್ಲ. “ಓದು, ಕೇಳ್ತೀನಿ. ಮನಸ್ಸು ಎಲ್ಲೂ ನಿಲ್ಲವಲ್ದು.”

ಉರ್ದುವನ್ನು ಕನ್ನಡ ಮಾಡಿ ಹೇಳತೊಡಗಿದೆ. ನಾಚಿಕೆಗೆ ಮೊದಮೊದಲು ಹಾಳೆಯಿಂದ ತಲೆ ಎತ್ತಲಿಲ್ಲ. ಕಥೆಯ ಅಣ್ಣನಿಗೆ ಯಾವುದೋ ಬಾವಿಯ ಕಟ್ಟೆಯ ಮೇಲೆ ತಂಗಿಯ ಕಾಲ್ಗೆಜ್ಜೆ ಸಿಕ್ಕಿತು. ದೊಡ್ಡವ್ವ ಕಂಬ ಬಿಟ್ಟು ಮುಂದಕ್ಕೆ ಬಾಗಿದಳು. ಅದೇ ಹೊತ್ತಿಗೆ ಅತ್ತಿಗೆ ಅವಳ ಕೈಗೆ ಅಂಬಲಿಯ ಬಟ್ಟಲು ಕೊಟ್ಟಳು.

“ಮುಂದ?” ಎಂದು ಒಂದು ಗುಟುಕು. “ಮುಂದ?” ಎಂದು ಇನ್ನೊಂದು. ನಾನು ನಿಲ್ಲಿಸಲಿಲ್ಲ.

ಬಟ್ಟಲು ಬರಿದಾದದ್ದು ಅವಳಿಗೆ ತಿಳಿದದ್ದು ಆಮೇಲೆ. “ಅಯ್ಯ ಶಿವನೇ! ಅವರು ಹೋಗಿ ಇನ್ನಾ ಎಷ್ಟೊತ್ತಾತು? ನಾ ಕುಡದುಬಿಟ್ನಲ್ಲ!” ಎಂದು ಬಟ್ಟಲನ್ನು ಸೆರಗಿನ ಕೆಳಗೆ ಸರಿಸಿದಳು. ಗಂಡನ ಕಣ್ಣಿಗೇ ಸಿಕ್ಕಿಬಿದ್ದವಳಂತೆ ಅವಳ ಮುಖ ಇಳಿಯಿತು. ನನ್ನ ನಾಚಿಕೆ ನಾನು ಗಳಿಸಿಕೊಂಡದ್ದು. ಅವಳಿಗೆ ಈ ನಾಚಿಕೆ ತಂದಿಟ್ಟವನೂ ನಾನೇ. ನೋಡದವನಂತೆ ತಲೆ ತಗ್ಗಿಸಿ ಹಾಳೆ ತಿರುವಿದೆ.

ದೊಡ್ಡವ್ವ ನನ್ನ ಕಡೆ ನೋಡದೆ ಕೇಳಿದಳು: “ಆ ಹುಡುಗಿ ಸಿಕ್ಕಳೇನು?”

“ಇನ್ನಾ ಇಲ್ಲ, ದೊಡ್ಡವ್ವಾ.”

ಅತ್ತಿಗೆ ಸೆರಗಿನ ಕೆಳಗಿಂದ ಬಟ್ಟಲನ್ನು ಮೆಲ್ಲಗೆ ತೆಗೆದುಕೊಂಡು, ಮತ್ತೆ ತುಂಬಿಸಿ ತರಲು ಒಳಗೆ ಹೋದಳು.